ಸ್ಟುಟ್‌ಗಾರ್ಟಿನ ಮೆಟ್ಟಿಲಿಗೆ ತ್ಯಾಗರಾಜನಗರದ ನೀರು

ಹೊರಡುವ ಮುನ್ನ, ತ್ಯಾಗರಾಜನಗರ

ನಾನು ಹವಾಮಾನದ ಕೆಲಸ ಮಾಡುತ್ತೇನೆಂದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇವತ್ತು ಮಳೆ ಬರುತ್ತಾ? ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಬಿಡುವುದಿಲ್ಲ. ಮಳೆಯ ವಿಷಯ ನನಗೆ ಅವರಿಗಿಂತ ಒಂದು ಹನಿಯಷ್ಟೂ ಹೆಚ್ಚು ಗೊತ್ತಿಲ್ಲ. ನನ್ನ ಕೆಲಸವೇ ಬೇರೆ. ಒಂದು ಬೀದಿಯನ್ನು ಅದರ ಮನೆ, ಮರ, ಗೋಡೆ, ಡಾಂಬರಿನ ಸಮೇತ ಕಂಪ್ಯೂಟರಿನೊಳಗೆ ಕಟ್ಟಿ, ಅದು ಯಾವ ಹೊತ್ತಿನಲ್ಲಿ ಎಷ್ಟು ಕಾಯುತ್ತದೆ, ಎಷ್ಟು ಆರುತ್ತದೆ ಎಂದು ಲೆಕ್ಕ ಹಾಕುವುದು. ಇದನ್ನು ಒಮ್ಮೆ ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಅವರು ಡಿಕಾಕ್ಷನ್ ಇಳಿಯುವುದನ್ನೇ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ ಇಲ್ದೇ ಇರೋ ರಸ್ತೇಲಿ ಎಷ್ಟು ಸೆಕೆ ಅಂತ ಹೇಳ್ತೀಯ. ಅಷ್ಟೇ ತಾನೆ?"

ನನ್ನ ವರ್ಷಗಟ್ಟಲೆಯ ಓದನ್ನು ಇಷ್ಟು ಚಿಕ್ಕದಾಗಿ ನನ್ನ ಗೈಡ್ ಕೂಡ ಹೇಳಿರಲಿಲ್ಲ.

ನಾನು ಕಂಪ್ಯೂಟರಿನೊಳಗೆ ಕಟ್ಟಿದ್ದು ನಾವಿರುವ ತ್ಯಾಗರಾಜನಗರದ ಬೀದಿಯನ್ನೇ. ಲೆಕ್ಕ ಸರಿಯಿದೆಯೋ ಇಲ್ಲವೋ ತಿಳಿಯಲು ನಿಜವಾದ ಬೀದಿಯಲ್ಲೂ ಉಷ್ಣತೆ ಅಳೆಯಬೇಕು. ಅದಕ್ಕಾಗಿ, ಅಳೆದದ್ದನ್ನು ತಾನೇ ನನ್ನ ಕಂಪ್ಯೂಟರಿಗೆ ಕಳಿಸುವ ಒಂದು ಬಿಳಿ ಡಬ್ಬಿ ತಂದಿದ್ದೆ. ಅದನ್ನು ನಮ್ಮ ಗೇಟಿನ ಪಕ್ಕದ ಕಂಬಕ್ಕೆ ಆಳೆತ್ತರದಲ್ಲಿ ಕಟ್ಟಿದವರು ಮಾವ. ಪಂಚೆ ಎತ್ತಿ ಕಟ್ಟಿ, ಸ್ಟೂಲ್ ಹತ್ತಿ, ಮೂರು ಸಲ ಬಿಚ್ಚಿ ಮೂರು ಸಲ ಬಿಗಿದು, ಕೊನೆಗೆ ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಲು ಹೊರಟಾಗ ಕೈ ಹಿಡಿದು ತಡೆದಿದ್ದೆ. ಯಾರಾದರೂ ಅದೇನೆಂದು ಕೇಳಿದರೆ ಮಾವ ಗಂಭೀರವಾಗಿ "ಕ್ಯಾಮರಾ" ಎನ್ನುತ್ತಿದ್ದರು. ಬೆಳಗಾದರೆ ಹಸಿರು ಪೈಪು ಹಿಡಿದು ಗೇಟಿನ ಹೊರಗೆ ನಿಂತಿರುತ್ತಿದ್ದ ಅವರಿಗೆ ವಾಕಿಂಗಿಗೆ ಹೋಗುವವರು, ಹಾಲಿನವರು, ಹೂವಿನವರು ಎಲ್ಲರೂ ಪರಿಚಯ. ಕ್ಯಾಮರಾ ಸುದ್ದಿ ಒಂದೇ ವಾರದಲ್ಲಿ ಹಬ್ಬಿತು. ಎಷ್ಟು ಬೋರ್ಡ್ ತಗುಲಿ ಹಾಕಿದರೂ ನಿಲ್ಲದೆ ಆ ಕಂಬದ ಬುಡಕ್ಕೆ ಬಂದು ಬೀಳುತ್ತಿದ್ದ ಕಸದ ಕವರುಗಳು ನಿಂತೇ ಹೋದವು. ನನ್ನ ಸಂಶೋಧನೆಯಿಂದ ಸಮಾಜಕ್ಕೆ ಆದ ಉಪಯೋಗ ಇಲ್ಲಿಯವರೆಗೆ ಅದೊಂದೇ.

ಡಬ್ಬಿ ಕಟ್ಟಿದ ಕೆಲವು ತಿಂಗಳಿಗೆ ಮಾವ ತೀರಿಕೊಂಡರು. ಸಂಜೆ ವಾಕಿಂಗ್ ಮುಗಿಸಿ ಬಂದು ವರಾಂಡದ ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಅವರ ವರ್ಷಾಂತಿಕ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಊರಿನ ಒಂದು ವಿಶ್ವವಿದ್ಯಾಲಯದಿಂದ ನನಗೆ ಕರೆ ಬಂತು. ಅಲ್ಲೇ ಇದ್ದು ನನ್ನ ಬೀದಿಯ ಲೆಕ್ಕವನ್ನು ಅವರ ತಂಡದ ಜೊತೆ ಮುಂದುವರಿಸಬಹುದು ಎಂದು. ನೆಂಟರಲ್ಲಿ ಗುಸುಗುಸು ಶುರುವಾಯಿತು. ಈ ಹೊತ್ತಿನಲ್ಲಿ ಸೊಸೆ ಅತ್ತೆಯನ್ನು ಬಿಟ್ಟು ಹೊರಟಳಲ್ಲ ಎಂದು ಬನಶಂಕರಿಯ ದೊಡ್ಡಮ್ಮ ಫೋನ್ ಮಾಡಿ ಅತ್ತೆಗೇ ಹೇಳಿದರಂತೆ. ಅತ್ತೆ ನನಗೆ ಹೇಳಿದ್ದು ಇಷ್ಟು: "ನೀನು ಹೋಗ್ಬಾ ಸುಮಾ. ಅವರ ಡಬ್ಬಿ ನಾನು ನೋಡ್ಕೋತೀನಿ."

ಡಬ್ಬಿ ಅಷ್ಟರಲ್ಲಿ ನನ್ನದಾಗಿ ಉಳಿದಿರಲಿಲ್ಲ, ಮಾವನದಾಗಿತ್ತು.

ಬಾಣಲೆಯೊಳಗಿನ ಊರು

ಸ್ಟುಟ್‌ಗಾರ್ಟ್ ಬಾಣಲೆಯ ತಳದಲ್ಲಿ ಕುಳಿತ ಊರು. ಸುತ್ತಲೂ ಗುಡ್ಡ, ಗುಡ್ಡದ ಮೈಮೇಲೆ ದ್ರಾಕ್ಷಿ ತೋಟ. ಬೇಸಿಗೆಯಲ್ಲಿ ಹಗಲೆಲ್ಲ ಬಾಣಲೆ ಕಾಯುತ್ತದೆ, ಕತ್ತಲಾದ ಮೇಲೆ ಗುಡ್ಡದಿಂದ ತಣ್ಣನೆಯ ಗಾಳಿ ಇಳಿದು ಬಂದು ಅದನ್ನು ಆರಿಸುತ್ತದೆ. ಆ ಗಾಳಿ ಇಳಿಯುವ ದಾರಿಗೆ ಅಡ್ಡವಾಗಿ ಕಟ್ಟಡ ಏಳದಂತೆ ನೋಡಿಕೊಳ್ಳುತ್ತಾರೆಂದು ಮೊದಲ ದಿನವೇ ನಕ್ಷೆ ತೋರಿಸಿ ಹೇಳಿದರು. ನಾನು ಸುಮ್ಮನೆ ತಲೆಯಾಡಿಸಿದೆ. ನಮ್ಮ ಕಡೆ ನೀರು ಹರಿಯುವ ದಾರಿಯಲ್ಲೇ ಮನೆ ಕಟ್ಟಿ, ಮಳೆ ಬಂದಾಗ ನೀರಿಗೆ ಬೈಯುತ್ತೇವೆ. ಪುಟ್ಟೇನಹಳ್ಳಿಯಲ್ಲಿ ನನ್ನ ಗೆಳತಿಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರುಗಳು ತೇಲಾಡಿದ್ದನ್ನು ಕಣ್ಣಾರೆ ಕಂಡವಳು ನಾನು. ಇವರು ಕಣ್ಣಿಗೆ ಕಾಣದ ಗಾಳಿಗೂ ಸೈಟು ಬಿಟ್ಟಿದ್ದರು.

ತಂಡದ ಮುಖ್ಯಸ್ಥರು ಪ್ರೊಫೆಸರ್ ಯೋರ್ಗ್. ಅರವತ್ತು ದಾಟಿದವರು, ಸೈಕಲ್ಲಿನಲ್ಲಿ ಗುಡ್ಡ ಹತ್ತಿ ಬರುವವರು. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುವುದು, ನೀವೂ ಹಾಗೇ ಕರೆಯಿರಿ ಎಂದರು. ಅಪ್ಪನ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯಲು ನಾಲಿಗೆ ಏಳಬೇಕಲ್ಲ. ಬಹಳ ಕಷ್ಟಪಟ್ಟು "ಯೋರ್ಗ್" ಎಂದೆ, ಹಿಂದೆಯೇ "ಸಾರ್" ತಾನಾಗಿ ಬಂತು. ಕೊನೆಯವರೆಗೂ ಅವರು ಯೋರ್ಗ್ ಸಾರ್ ಆಗಿಯೇ ಉಳಿದರು. ಸಾರ್ ಎಂಬುದು ಅವರ ಮನೆತನದ ಹೆಸರೇನೋ ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬ ಈಮೇಲಿನಲ್ಲೂ ಹಾಗೇ ಬರೆದನಂತೆ.

ಯೋರ್ಗ್ ಸಾರ್ ನನ್ನ ಗ್ರಾಫನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಎರಡು ಗೆರೆ. ಕೆಂಪು ಗೆರೆ ನನ್ನ ಕಂಪ್ಯೂಟರ್ ಹೇಳುವ ಉಷ್ಣತೆ, ನೀಲಿ ಗೆರೆ ಡಬ್ಬಿ ಅಳೆದದ್ದು. ದಿನವೆಲ್ಲ ಎರಡೂ ಅಕ್ಕ ತಂಗಿಯರ ಹಾಗೆ ಜೊತೆಯಲ್ಲೇ ಹೋಗುತ್ತವೆ. ಬೆಳಗಿನ ಹೊತ್ತು ಮಾತ್ರ ನೀಲಿ ಗೆರೆ ಇದ್ದಕ್ಕಿದ್ದಂತೆ ಕುಳಿ ಬೀಳುತ್ತದೆ. ಅಂದರೆ ಬೀದಿ ನನ್ನ ಲೆಕ್ಕಕ್ಕಿಂತ ತಣ್ಣಗಾಗಿಬಿಡುತ್ತದೆ. ಮೊದಲ ತಿಂಗಳುಗಳಲ್ಲಿ ಕುಳಿ ಆಳ. ನಡುವೆ ಸ್ವಲ್ಪ ದಿನ ಕುಳಿಯೇ ಇಲ್ಲ, ಎರಡು ಗೆರೆಯೂ ಒಂದರ ಮೇಲೊಂದು. ಆಮೇಲೆ ಮತ್ತೆ ಕುಳಿ, ಆದರೆ ಸಣ್ಣದು.

ಆ ನಡುವಿನ ಜಾಗದ ಮೇಲೆ ಪೆನ್ನಿಟ್ಟು, ಇಲ್ಲೇನಾಯಿತು ಎಂದು ಅವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೆಟ್ಟ ಯಂತ್ರ ಹೀಗೇ ಆಡುತ್ತದೆ, ಮೊದಲು ತಪ್ಪು ತೋರಿಸುತ್ತದೆ, ನಡುವೆ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ ಎಂದರು. ಬೇಸಿಗೆ ರಜೆಗೆ ಮುಂಚಿನ ಕೊನೆಯ ಸಭೆಯೊಳಗೆ ಕಾರಣ ಹುಡುಕಬೇಕು. ಸಿಗದಿದ್ದರೆ ತ್ಯಾಗರಾಜನಗರವನ್ನು ಯೋಜನೆಯಿಂದ ಕೈಬಿಟ್ಟು, ಡಬ್ಬಿಯನ್ನು ಬಿಚ್ಚಿಸಿ, ಬೇರೆ ಊರಿನ ಬೀದಿ ತೆಗೆದುಕೊಳ್ಳೋಣ ಎಂದು ಬಹಳ ಮೆತ್ತಗೆ ಹೇಳಿದರು. ಆ ಮೆತ್ತನೆಯ ದನಿಗೇ ನನಗೆ ಹೆದರಿಕೆಯಾಯಿತು.

ಅವತ್ತು ಫೋನಿನಲ್ಲಿ ಅತ್ತೆಗೆ ಸುಳಿವಷ್ಟೇ ಕೊಟ್ಟೆ. ಅವರು "ಡಬ್ಬಿ ತೆಗೆಸಿಬಿಡ್ತೀಯಾ?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಹುಣಸೇಹಣ್ಣಿನ ರೇಟಿನ ಸುದ್ದಿಗೆ ಹೊರಳಿದರು. ಅತ್ತೆ ಹಾಗೆ ಮಾತು ತಿರುಗಿಸುವುದು ತುಂಬಾ ನೋವಾದಾಗ ಮಾತ್ರ.

ಫ್ಯಾನಿಲ್ಲದ ಆಫೀಸು

ಜುಲೈ ಬಂತು, ಬಾಣಲೆ ಕಾಯಿತು. ನನ್ನ ಸಹೋದ್ಯೋಗಿಗಳೆಲ್ಲ ನನ್ನತ್ತ ಭಕ್ತಿಯಿಂದ ನೋಡತೊಡಗಿದರು. ನಾನು ಭಾರತದವಳು, ಮೇಲಾಗಿ ಸೆಕೆಯ ಸಂಶೋಧಕಿ, ಇದೆಲ್ಲ ನನಗೆ ಲೆಕ್ಕಕ್ಕೇ ಇಲ್ಲವೆಂದು ಅವರ ನಂಬಿಕೆ. ಬೆಂಗಳೂರಿನವರು ಮಾರ್ಚ್ ತಿಂಗಳಲ್ಲೇ "ಏನ್ ಸೆಕೆ ಗುರು" ಎಂದು ಎಳನೀರಿನ ಗಾಡಿ ಹುಡುಕುವ ಜನ ಎಂದು ಹೇಳಿ ದೇಶದ ಮರ್ಯಾದೆ ಕಳೆಯಲು ಮನಸ್ಸಾಗಲಿಲ್ಲ.

ನಿಜ ಹೇಳಬೇಕೆಂದರೆ ಆ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು ಕುಸಿದವಳು ನಾನೇ. ಎಲ್ಲಿ ನೋಡಿದರೂ ಒಂದು ಫ್ಯಾನಿಲ್ಲ. ಸೆಕೆಯಾದಾಗ ಅಭ್ಯಾಸಬಲದಿಂದ ಚಾವಣಿ ನೋಡುತ್ತಿದ್ದೆ, ಅಲ್ಲಿ ಬರೀ ದೀಪ. ಅಂಗಡಿಗೆ ಹೋದರೆ ಟೇಬಲ್ ಫ್ಯಾನೆಲ್ಲ ಖಾಲಿಯಾಗಿತ್ತು. ಮಧ್ಯಾಹ್ನ ಗಾಳಿಯಾಡಲೆಂದು ನಾನು ಕಿಟಕಿ ತೆರೆದರೆ ಎದುರು ಮೇಜಿನ ಲೆನಾ ಹೌಹಾರಿ ಎದ್ದು ಬಂದು ಮುಚ್ಚಿದಳು. ಅಲ್ಲಿಯ ಪದ್ಧತಿಯೇ ಬೇರೆ. ಬೆಳಿಗ್ಗೆ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ತಂಪನ್ನು ಒಳಗೆ ಕರೆದುಕೊಳ್ಳುತ್ತಾರೆ. ಆಮೇಲೆ ಕಿಟಕಿ ಮುಚ್ಚಿ, ಹೊರಗಿನ ಪರದೆ ಇಳಿಸಿ, ಕತ್ತಲಲ್ಲಿ ಕುಳಿತು ಆ ತಂಪನ್ನೇ ಸಂಜೆಯವರೆಗೆ ಉಳಿಸಿಕೊಂಡು ಬರುತ್ತಾರೆ. ನನ್ನ ಕಂಪ್ಯೂಟರಿನ ಲೆಕ್ಕದ ಪ್ರಕಾರ ಅವರು ಮಾಡುವುದೇ ಸರಿ. ಆದರೂ ಸೆಕೆಯಲ್ಲಿ ಕಿಟಕಿ ಮುಚ್ಚು ಎಂದರೆ ನನ್ನ ಮೈ ಒಪ್ಪಲೇ ಇಲ್ಲ. ಒದ್ದೆ ಕರ್ಚೀಫನ್ನು ಕತ್ತಿಗೆ ಸುತ್ತಿಕೊಂಡು, ಆ ಕತ್ತಲಲ್ಲಿ ನೀಲಿ ಗೆರೆಯ ಕುಳಿಗಳನ್ನು ದಿಟ್ಟಿಸುತ್ತಾ ಕುಳಿತಿರುತ್ತಿದ್ದೆ.

ಕಾರಣ ಹುಡುಕಿ ಹುಡುಕಿ ಸಾಕಾಯಿತು. ಹೊಂಗೆ ಮರದ ನೆರಳು ಹೆಚ್ಚು ಮಾಡಿ ನೋಡಿದೆ. ಎದುರು ಮನೆಯವರು ಎಬ್ಬಿಸಿದ ಮೂರನೇ ಮಹಡಿಯನ್ನು ಸೇರಿಸಿದೆ. ಗೋಡೆಗಳ ಬಣ್ಣ ಬದಲಿಸಿದೆ. ಕೆಂಪು ಗೆರೆ ಜಪ್ಪಯ್ಯ ಅನ್ನಲಿಲ್ಲ.

ಬಾಗಿಲಿಗೆ ಬಂದ ಹಲಗೆ

ನಾನಿದ್ದುದು ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಫ್ರೌ ಹೆಲ್ಡ್. ಫ್ರೌ ಎಂದರೆ ನಮ್ಮ ಶ್ರೀಮತಿ ಇದ್ದ ಹಾಗೆ. ಒಂಟಿಯಾಗಿದ್ದ ಆ ವೃದ್ಧೆ ಇಡೀ ಕಟ್ಟಡದ ಶಿಸ್ತನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದರು. ಒಂದು ದಿನ ಆಫೀಸಿನಿಂದ ಬಂದರೆ ನನ್ನ ಬಾಗಿಲ ಹಿಡಿಗೆ ಒಂದು ಪುಟ್ಟ ಮರದ ಹಲಗೆ ನೇತಾಡುತ್ತಿತ್ತು. ಏನೋ ತಪ್ಪು ಮಾಡಿದ್ದೇನೆ, ಮನೆ ಖಾಲಿ ಮಾಡಿಸುತ್ತಿದ್ದಾರೆ ಎಂದೇ ಅಂದುಕೊಂಡೆ. ಲೆನಾಳಿಗೆ ಫೋಟೋ ಕಳಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. ಅದು ಆ ಸೀಮೆಯ ಪದ್ಧತಿಯಂತೆ, ಗುಡಿಸುವ ವಾರ. ಹಲಗೆ ಯಾರ ಬಾಗಿಲಿಗೆ ಬರುತ್ತದೋ ಅವರು ಆ ವಾರ ಮೆಟ್ಟಿಲು, ಹೊರಗಿನ ಕಲ್ಲುಹಾಸು ಎಲ್ಲವನ್ನೂ ಚೊಕ್ಕ ಮಾಡಿ, ಹಲಗೆಯನ್ನು ಪಕ್ಕದ ಮನೆಗೆ ದಾಟಿಸಬೇಕು. ಎಷ್ಟೇ ದೊಡ್ಡ ಹುದ್ದೆಯವರಾದರೂ ವಿನಾಯಿತಿಯಿಲ್ಲ. ಯೋರ್ಗ್ ಸಾರ್ ಕೂಡ ಪೊರಕೆ ಹಿಡಿಯುತ್ತಾರೆಂದು ಕೇಳಿ ಅವರ ಮೇಲಿನ ಗೌರವ ಹೆಚ್ಚಾಯಿತು.

ಇದೊಂದು ಕೆಲಸದಲ್ಲಾದರೂ ದೇಶದ ಮಾನ ಉಳಿಸೋಣ ಎನ್ನಿಸಿತು. ಶನಿವಾರ ಬೆಳಗಾಗುತ್ತಲೇ ಎದ್ದು, ಚೂಡಿದಾರದ ಪ್ಯಾಂಟು ಮೇಲೆ ಮಡಚಿ, ದುಪಟ್ಟ ಸೊಂಟಕ್ಕೆ ಬಿಗಿದು, ನಮ್ಮ ಕಡೆ ಮಾಡುವ ಹಾಗೇ ಮಾಡಿದೆ. ಅಂದರೆ, ಮೇಲಿನಿಂದ ಬಕೆಟ್ಟುಗಟ್ಟಲೆ ನೀರು ಸುರಿದೆ. ಮೆಟ್ಟಿಲುಗಳ ಮೇಲೆ ನೀರು ಜಲಪಾತದಂತೆ ಇಳಿಯಿತು. ಕೆಳಗಿಳಿದು ಹೊರಗಿನ ಕಲ್ಲುಹಾಸಿಗೂ ಧಾರಾಳವಾಗಿ ಹೊಯ್ದು, ಪೊರಕೆಯಿಂದ ಬರಬರ ಉಜ್ಜಿದೆ. ಖುಷಿ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಅಕ್ಕಿಹಿಟ್ಟು ತಂದು ಬಾಗಿಲ ಮುಂದೆ ಒಂದು ರಂಗೋಲಿಯನ್ನೂ ಎಳೆದೆ. ದಾರಿಹೋಕರೊಬ್ಬರು ನಿಂತು ನೋಡಿ, ಅದನ್ನು ತುಳಿಯಬಾರದೆಂದು ಬೀದಿಗಿಳಿದು ಸುತ್ತಿ ಹೋದರು. ಎರಡನೇ ಮಹಡಿಯವರು ಮಾತ್ರ ಕಳ್ಳರೇನಾದರೂ ಗುರುತು ಹಾಕಿ ಹೋಗಿದ್ದಾರೆಯೇ ಎಂದು ವಿಚಾರಿಸಿದರು.

ಒಂದು ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ. ಮೆಟ್ಟಿಲಿಗೆ ಸುರಿದ ನೀರು ಹೊರಗೆ ಬಂದದ್ದು ಅರ್ಧ ಮಾತ್ರ.

ನೆಲಮಾಳಿಗೆ

ಉಳಿದರ್ಧ ನೆಲಮಾಳಿಗೆಗೆ ಹೋಗಿತ್ತು. ಆ ದೇಶದಲ್ಲಿ ನೆಲ ಎಂದರೆ ಒರೆಸುವ ವಸ್ತು, ತೊಳೆಯುವ ವಸ್ತುವಲ್ಲ. ನಾನಿದ್ದ ಮನೆಯ ಬಚ್ಚಲಲ್ಲೂ ನೆಲದ ನೀರು ಹೋಗಲು ತೂತಿರಲಿಲ್ಲ, ಮೆಟ್ಟಿಲಿಗೆಲ್ಲಿಂದ ಬಂತು! ಫ್ರೌ ಹೆಲ್ಡ್ ಮೇಲೆ ಬಂದು, ಬಾ ಎಂದು ಕೈಸನ್ನೆ ಮಾಡಿದರು. ಅವರ ಹಿಂದೆಯೇ ಇಳಿದೆ. ಅವರ ಆಲೂಗೆಡ್ಡೆಗಳು ಒಂದು ಪುಟ್ಟ ಕೆರೆಯಲ್ಲಿ ಕುಳಿತಿದ್ದವು. ಪಕ್ಕದಲ್ಲಿ ಕ್ರಿಸ್‌ಮಸ್ಸಿನ ಅಲಂಕಾರದ ರಟ್ಟಿನ ಪೆಟ್ಟಿಗೆಗಳು ತಳ ಬಿಟ್ಟಿದ್ದವು. ನನಗೆ ಗೊತ್ತಿದ್ದ ಜರ್ಮನ್ ಭಾಷೆಯಲ್ಲಿ ಕ್ಷಮೆ ಕೇಳುವ ಮಾತು ಒಂದೇ. ಅದನ್ನೇ ನಾಲ್ಕಾರು ದನಿಯಲ್ಲಿ ಹೇಳಿದೆ.

ಬೆಳಗೆಲ್ಲ ಇಬ್ಬರೂ ಸೇರಿ ನೀರು ತೋಡಿದೆವು. ಆಮೇಲೆ ಹೊರಗೆ ಹಗ್ಗ ಕಟ್ಟಿ ಒದ್ದೆಯಾದದ್ದನ್ನೆಲ್ಲ ಒಣಹಾಕಿದೆವು. ರೆಕ್ಕೆಯ ದೇವತೆಗಳು, ಹತ್ತಿಯ ಗಡ್ಡದ ಅಜ್ಜ, ನಕ್ಷತ್ರಗಳು ಎಲ್ಲವೂ ಸಾಲಾಗಿ ನೇತಾಡಿದವು. ಜುಲೈ ತಿಂಗಳಲ್ಲಿ ಆ ಬೀದಿಗೆ ನನ್ನ ದಯೆಯಿಂದ ಕ್ರಿಸ್‌ಮಸ್ ಬಂದಿತ್ತು. ಮಕ್ಕಳನ್ನು ಕರೆದುಕೊಂಡು ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಫ್ರೌ ಹೆಲ್ಡ್ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದರು.

ಬಿಸಿಲು ಏರಿತು. ಫ್ರೌ ಹೆಲ್ಡ್ ಒಳಗೆ ಹೋದರು. ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಳ್ಳುತ್ತಿದ್ದಂತೆ ಒಂದು ಮಡಚುವ ಕುರ್ಚಿ ಹಿಡಿದು ಮತ್ತೆ ಬಂದರು. ನಾನು ನೀರು ಹೊಯ್ದಿದ್ದ ಕಲ್ಲುಹಾಸಿನ ಮೇಲೆ, ಇನ್ನೂ ಪಸೆ ಆರದ ಜಾಗ ನೋಡಿ ಕುರ್ಚಿ ಹಾಕಿ, ಚಪ್ಪಲಿ ಕಳಚಿ, ಕಾಲು ಚಾಚಿ ಕುಳಿತರು. ನನ್ನನ್ನು ದುರುಗುಟ್ಟಿ ನೋಡುತ್ತಾ, ಇಲ್ಲಿ ತಣ್ಣಗಿದೆ ಎಂದರು. ಅದೂ ನನ್ನದೇ ತಪ್ಪು ಎಂಬಂತಿತ್ತು ಅವರ ದನಿ.

ನಾನೂ ಬರಿಗಾಲಲ್ಲೇ ನಿಂತಿದ್ದೆ. ಅಂಗಾಲಿಗೆ ಹಿತವಾಗಿತ್ತು. ಅದು ನನಗೆ ಚೆನ್ನಾಗಿ ಗೊತ್ತಿದ್ದ ತಂಪು, ನಮ್ಮ ಗೇಟಿನ ಮುಂದಿನ ಬೆಳಗಿನ ತಂಪು. ತಕ್ಷಣ ತಲೆಯೊಳಗೆ ಏನೋ ಕಳಚಿ ಬಿದ್ದಂತಾಯಿತು. ನಾನು ಕಂಪ್ಯೂಟರಿನೊಳಗೆ ಕಟ್ಟಿದ ಬೀದಿಯಲ್ಲಿ ಮನೆಯಿತ್ತು, ಮರವಿತ್ತು, ಗೋಡೆಯ ಬಣ್ಣವೂ ಇತ್ತು. ಆದರೆ ಮನೆ ಮುಂದೆ ನೀರು ಹಾಕುವವರು ಯಾರೂ ಇರಲಿಲ್ಲ. ಮಳೆ ಬಾರದಿದ್ದರೆ ರಸ್ತೆ ಒಣಗಿಯೇ ಇರುತ್ತದೆ ಎಂದು ಆ ಲೆಕ್ಕ ನಂಬಿತ್ತು. ಹುಟ್ಟಿದಾಗಿನಿಂದ ದಿನವೂ ಕಂಡದ್ದು ನನಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಗತಿಯಾಗಿಯೇ ತೋರಿರಲಿಲ್ಲ.

ಪೈಪು ಮತ್ತು ಬಕೆಟ್ಟು

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿ, ಬೆಳಿಗ್ಗೆ ಮನೆ ಮುಂದೆ ನೀರು ಹಾಕುತ್ತೀರಾ ಎಂದು ಕೇಳಿದೆ. ಅವರಿಗೆ ಸಿಟ್ಟೇ ಬಂತು.

"ಹಾಕ್ದೇ ಇರ್ತಾರೇನೇ? ಅಲ್ಲಿಗೆ ಹೋಗಿ ಇದನ್ನ ವಿಚಾರಿಸ್ತಿದೀಯಾ?"

"ಹಾಗಲ್ಲ ಅತ್ತೆ. ಎಷ್ಟು ಹಾಕ್ತೀರಾ?"

"ಒಂದು ಬಕೆಟ್ಟು. ನಿಮ್ಮ ಮಾವನ ಥರ ಪೈಪ್ ಹಿಡ್ಕೊಂಡು ಇಡೀ ರಸ್ತೆಗೆ ಸ್ನಾನ ಮಾಡ್ಸಕ್ಕೆ ನನ್ನ ಕೈಲಾಗುತ್ತಾ? ಅವರ ಪೈಪು ಹಿತ್ತಲಲ್ಲಿ ಹಾಗೇ ಸುತ್ತಿಟ್ಟಿದೆ. ನಾನದನ್ನ ಮುಟ್ಟಿಲ್ಲ."

ಮಾವನ ಆ ಪೈಪಿನ ಬಗ್ಗೆ ಬೀದಿಯಲ್ಲಿ ತಕರಾರು ಇಲ್ಲದಿರಲಿಲ್ಲ. ಗಿಡಕ್ಕೆಂದು ಶುರುವಾದದ್ದು ಗೇಟಿಗೆ, ರಸ್ತೆಗೆ, ಪಕ್ಕದ ಮನೆಯ ಸ್ಕೂಟರಿನವರೆಗೆ ಹೋಗುತ್ತಿತ್ತು. ಇಷ್ಟು ನೀರು ಯಾಕೆ ಮಾವ ಎಂದರೆ, "ಧೂಳು ಕೂರ್ಬೇಕಲ್ಲಮ್ಮ" ಎನ್ನುತ್ತಿದ್ದರು. ಹವಾಮಾನ ಓದಿದ ಸೊಸೆ ಅದಕ್ಕಿಂತ ಮುಂದೆ ವಾದ ಮಾಡುವ ಧೈರ್ಯ ಮಾಡಲಿಲ್ಲ.

ಫೋನಿಟ್ಟವಳೇ ಆಫೀಸಿಗೆ ಓಡಿದೆ. ಶನಿವಾರವೂ ಕೆಲಸಕ್ಕೆ ಬಂದಿದ್ದ ಲೆನಾ ಒಬ್ಬಳೇ ಇದ್ದಳು. ಗ್ರಾಫು ತೆರೆದೆ. ಆಳದ ಕುಳಿಗಳು ಪೈಪು, ಸಣ್ಣ ಕುಳಿಗಳು ಬಕೆಟ್ಟು. ಅಷ್ಟು ಹೊಂದಿತು. ನಡುವಿನ ದಿನಗಳಲ್ಲಿ ಮಾತ್ರ ನೀರೇ ಬಿದ್ದಿಲ್ಲ. ನಮ್ಮ ಗ್ರಾಫುಗಳಲ್ಲಿ ತಾರೀಖು ಇರುವುದಿಲ್ಲ, ಅದು ವರ್ಷದ ಎಷ್ಟನೆಯ ದಿನ ಎಂಬ ಸಂಖ್ಯೆ ಮಾತ್ರ ಇರುತ್ತದೆ. ನಲ್ಲಿಯಲ್ಲಿ ನೀರು ಬಾರದ ವಾರವಿರಬೇಕು ಎಂದುಕೊಂಡು ಆ ಸಂಖ್ಯೆಗಳನ್ನು ತಾರೀಖಿಗೆ ತಿರುಗಿಸಿದೆ.

ಕುಳಿ ಇಲ್ಲದ ಮೊದಲ ಬೆಳಗು, ಮಾವ ಕುರ್ಚಿಯಿಂದ ಏಳದೇ ಹೋದ ಸಂಜೆಯ ಮರುದಿನದ್ದು. ಕುಳಿ ಮತ್ತೆ ಕಾಣಿಸಿಕೊಂಡದ್ದು ಸೂತಕ ಕಳೆದ ಮೇಲೆ. ಸೂತಕದ ಮನೆ ಮುಂದೆ ನಾವು ನೀರು ಹಾಕುವುದಿಲ್ಲ, ರಂಗೋಲಿ ಇಡುವುದಿಲ್ಲ. ತಿಂಗಳುಗಟ್ಟಲೆ ನಾನು ಆ ಗೆರೆಯನ್ನೇ ನೋಡುತ್ತಾ ಕುಳಿತಿದ್ದೆ. ನನ್ನ ಲೆಕ್ಕ ಪೂರ್ತಿ ಸರಿ ಬಂದದ್ದು ನಮ್ಮ ಮನೆಯಲ್ಲಿ ಸಾವಾದ ದಿನಗಳಲ್ಲಿ ಮಾತ್ರ.

ಮಾವ ಹೋದಾಗ ಬಂದವರಿಗೆ ಕಾಫಿ, ನೀರು ಎಂದು ಓಡಾಡುವುದರಲ್ಲಿ ನನಗೆ ಅಳಲು ಪುರಸೊತ್ತೇ ಸಿಕ್ಕಿರಲಿಲ್ಲ. ಆ ಕತ್ತಲೆಯ ಆಫೀಸಿನಲ್ಲಿ ನಾನು ಅತ್ತುಬಿಟ್ಟೆ. ಜೋರಾಗಿಯೇ. ಲೆನಾ ಗಾಬರಿಯಾಗಿ ಒಂದು ಲೋಟ ನೀರು ತಂದು ಕೊಟ್ಟಳು. ಅದು ಅವರ ಗ್ಯಾಸ್ ತುಂಬಿದ ನೀರು. ನಾನು ಒಂದೇ ಗುಟುಕಿಗೆ ಕುಡಿದು, ಬಿಕ್ಕುವುದರ ಜೊತೆಗೆ ತೇಗಲೂ ಶುರು ಮಾಡಿದೆ. ಹಾಗೆ ದುಃಖಪಡುವುದು ಬಹಳ ಕಷ್ಟ. ಇಬ್ಬರಿಗೂ ನಗು ಬಂದುಬಿಟ್ಟಿತು.

ಕೊನೆಯ ಸಭೆ

ಸಭೆಯಲ್ಲಿ ಹೊಸ ಗ್ರಾಫು ತೋರಿಸಿದೆ. ಮೊದಲ ಭಾಗಕ್ಕೆ ಪೈಪಿನಷ್ಟು ನೀರು, ನಡುವೆ ಏನೂ ಇಲ್ಲ, ಕೊನೆಗೆ ಒಂದು ಬಕೆಟ್ಟು. ಕೆಂಪು ಗೆರೆ ನೀಲಿಯ ಹಿಂದೆ ಹಿಂದೆಯೇ ಹೋಯಿತು. ಯೋರ್ಗ್ ಸಾರ್ ಕನ್ನಡಕ ತೆಗೆದು, ಈ ನೀರು ಎಲ್ಲಿಂದ ಬಂತು ಎಂದು ಕೇಳಿದರು. ನನ್ನ ಮಾವನಿಂದ ಎಂದೆ. ಎಲ್ಲವನ್ನೂ ಹೇಳಿದೆ, ನಡುವಿನ ಒಣ ದಿನಗಳು ಏನೆಂಬುದನ್ನೂ. ಯೋರ್ಗ್ ಸಾರ್ ಕನ್ನಡಕವನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಕೊನೆಗೆ, ಯಂತ್ರ ಕೆಟ್ಟಿಲ್ಲ, ಡಬ್ಬಿ ಅಲ್ಲೇ ಇರಲಿ ಎಂದರು.

ಬೆಳಗಿನ ನೀರಿನ ಭಾಗವನ್ನು ಲೆಕ್ಕದೊಳಗೆ ಸೇರಿಸುವಾಗ ಅದಕ್ಕೊಂದು ಹೆಸರು ಬೇಕಿತ್ತು. ನಾನು "ಮಾವ" ಎಂದಿಟ್ಟೆ. ಬೇಕಾದಾಗ ಅದನ್ನು ಹಾಕಿ, ಬೇಡವಾದಾಗ ತೆಗೆದು ಲೆಕ್ಕ ಮಾಡಬಹುದು. ಆಮೇಲೆ ಲೆನಾ ದಿನಾ ಬೆಳಿಗ್ಗೆ ಎದುರು ಮೇಜಿನಿಂದ ಕೂಗಿ ಕೇಳುತ್ತಿದ್ದಳು, ಇವತ್ತು ಮಾವ ಇರಬೇಕೋ ಬೇಡವೋ ಎಂದು. ಇರಲಿ ಎನ್ನುತ್ತಿದ್ದೆ.

ಡಬ್ಬಿ ಉಳಿಯಿತೆಂದು ಅತ್ತೆಗೆ ಫೋನ್ ಮಾಡಿದೆ. ಆ ಕುಳಿಗಳ ಕಥೆಯನ್ನೂ ಹೇಳಿದೆ, ಎಲ್ಲಿಂದ ಎಲ್ಲಿಯವರೆಗೆ ಮಾವನದು, ಎಲ್ಲಿಂದ ಅವರದು ಎಂದು. ಅತ್ತೆ ಈ ಸಲ ಹುಣಸೇಹಣ್ಣಿನ ಸುದ್ದಿ ಎತ್ತಲಿಲ್ಲ.

"ನಂದು ಅಷ್ಟು ಸಣ್ಣದಾ?" ಎಂದರು.

ಮರುದಿನ ಆಫೀಸಿಗೆ ಬಂದು ಡಬ್ಬಿ ಆ ಬೆಳಿಗ್ಗೆ ಕಳಿಸಿದ್ದನ್ನು ತೆರೆದೆ. ನೀಲಿ ಗೆರೆ ಹಿಂದಿನ ಕಾಲದ ಹಾಗೆ ಆಳಕ್ಕೆ, ತೀರಾ ಆಳಕ್ಕೆ ಇಳಿದಿತ್ತು. ಹಿಂದಿನಿಂದ ಬಗ್ಗಿ ನೋಡಿದ ಯೋರ್ಗ್ ಸಾರ್, ಮತ್ತೆ ಯಂತ್ರ ಕೆಟ್ಟಿತೇ ಎಂದು ಕೇಳಿದರು.

ಇಲ್ಲ ಸಾರ್, ನಮ್ಮತ್ತೆ ಪೈಪು ಬಿಚ್ಚಿದ್ದಾರೆ ಎಂದೆ.